ಎರಡೂ ಕಿವಿ ಕಾಣಬೇಕು

ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ಸಾವಿರ ಚುಕ್ಕಿ ಅಗಲ, ಮೂರು ಸಾವಿರ ಚುಕ್ಕಿ ಎತ್ತರ. ಕಿವಿಯಕ್ಕನ ಸಾಮ್ರಾಜ್ಯದ ಎಲ್ಲೆ ಇಷ್ಟೇ. ಫೋನಿನಲ್ಲಿ ಹಾಡು ಹಾಕಿದಾಗ ಹಾಡಿನ ಪಕ್ಕದಲ್ಲಿ ಒಂದು ಪುಟ್ಟ ಚೌಕದ ಚಿತ್ರ ಕಾಣುತ್ತದಲ್ಲ, ಆ ಚೌಕದೊಳಗೆ ಆಕೆ ಹೇಳಿದ್ದೇ ಕಾನೂನು. ಆ ಕಾನೂನಿನ ಮೊದಲನೆಯ ಮತ್ತು ಹೆಚ್ಚುಕಡಿಮೆ ಕೊನೆಯ ಕಲಮು ಹೀಗಿದೆ: ಹಾಡಿದವರು ಯಾರೇ ಆಗಲಿ, ಎರಡೂ ಕಿವಿ ಕಾಣಬೇಕು.

ರಾಜಧಾನಿ ಇರುವುದು ಒಂದು ಮೂರು ಮಹಡಿ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೆಟ್ಟಿಲೇ ಸೂರಾದ್ದರಿಂದ ಬಾಗಿಲ ಹತ್ತಿರ ಎತ್ತರ, ಒಳಗೆ ಹೋದಷ್ಟೂ ಇಳಿಜಾರು. ಎಂಥ ಮಹಾ ಗಾಯಕನಾದರೂ ಒಳಗಿನ ಸ್ಟೂಲಿನವರೆಗೆ ತಲೆ ಬಗ್ಗಿಸಿಯೇ ಹೋಗಬೇಕು. ಬಗ್ಗಿಸದವರ ಹಣೆಯ ಗುರುತು ಸುಣ್ಣದ ಮೇಲೆ ನಾಲ್ಕೈದು ಕಡೆ ಇದೆ. ಒಂದು ಕಂಪ್ಯೂಟರು, ಅದರ ಮುಂದೆ ಪೆನ್ನಿನಿಂದ ಗೀಚುವ ಹಲಗೆ, ಹಿಂದೆ ಬಿಳಿ ಪರದೆ, ಛತ್ರಿಯಂಥ ಒಂದು ದೀಪ, ಕೂತರೆ ಕೀರಲು ದನಿಯಲ್ಲಿ ಆಕ್ಷೇಪಿಸುವ ತಿರುಗು ಸ್ಟೂಲು, ಮೊಳೆಗೆ ದಾರದಿಂದ ಕಟ್ಟಿಹಾಕಿದ ಬಾಚಣಿಗೆ. ಬಾಚಣಿಗೆಯನ್ನು ಯಾಕೆ ಕಟ್ಟಿಹಾಕಿದ್ದಾಳೆಂದರೆ, ಕಲಾವಿದರನ್ನು ಆಕೆ ತುಂಬ ಹತ್ತಿರದಿಂದ ಬಲ್ಲಳು.

ಈ ಚಕ್ರಾಧಿಪತ್ಯ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಇದೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಪಾಸ್‌ಪೋರ್ಟ್ ಫೋಟೋ ಅಂಗಡಿ ನಡೆಯುತ್ತಿತ್ತು. ಆಕೆ ಅದರಲ್ಲಿ ಫೋಟೋ ತೆಗೆಯುವವಳು. ಗದ್ದ ಕೆಳಗೆ, ಕಣ್ಣು ಮುಂದಕ್ಕೆ, ನಗಬೇಡಿ, ಎರಡೂ ಕಿವಿ ಕಾಣಲಿ. ದಿನಕ್ಕೆ ನಲವತ್ತು ಸಲ ಹೀಗೆ ಹೇಳಿ ಹೇಳಿ, ಬೀದಿಯಲ್ಲಿ ಯಾರಾದರೂ ಕೂದಲು ಇಳಿಬಿಟ್ಟುಕೊಂಡು ಎದುರಾದರೆ ಆಕೆಯ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕನ್ನಡಕ ನಿಲ್ಲಬೇಕಾದರೂ ಕಿವಿಯೇ ಬೇಕು. ಹೀಗೆ ಗಂಡಹೆಂಡಿರಿಬ್ಬರ ಅನ್ನವೂ ಪರರ ಕಿವಿಯ ಮೇಲೆ ನಿಂತಿತ್ತು.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಕಚೇರಿಗಳೇ ಜನರ ಫೋಟೋ ತೆಗೆದುಕೊಳ್ಳತೊಡಗಿದವು. ಮಾಲೀಕ ಅಂಗಡಿ ಮುಚ್ಚಿ, "ಸಾಮಾನೆಲ್ಲ ನೀನೇ ಇಟ್ಕೊ, ಆ ಸ್ಟೂಲನ್ನ ಸಾಗಿಸೋಕೆ ನನ್ನಿಂದಾಗಲ್ಲ" ಎಂದು ಹೊರಟುಹೋದ. ಕಿವಿಯಕ್ಕ ಹದಿನೈದು ದಿನ ಖಾಲಿ ಸ್ಟೂಲಿಗೆ ದೀಪ ಹಾಕಿಕೊಂಡು ಕೂತಳು. ಹದಿನಾರನೇ ದಿನ ಮೇಲಿನ ಮಹಡಿಯಿಂದ ಮೈಕಣ್ಣ ಇಳಿದು ಬಂದ. ಮೈಕಣ್ಣನದು ಅಲ್ಲಿ ಧ್ವನಿಮುದ್ರಣದ ಕೋಣೆ. ಹಾಡು ಮುದ್ರಿಸಿ, ಫೋನುಗಳಿಗೆಲ್ಲ ಹಾಡು ಹಂಚುವ ಕಂಪನಿಗೆ ಕಳಿಸುತ್ತಾನೆ.

"ಅಕ್ಕಾ, ಒಂದು ಲಾಲಿ ಹಾಡು ಇದೆ. ಅದಕ್ಕೊಂದು ಮುಖಚಿತ್ರ ಬೇಕಿತ್ತು. ಚೌಕ ಇರ್ಬೇಕು, ಮಸುಕಾಗಿರ್ಬಾರ್ದು, ಚಿತ್ರದ ಮೇಲಿನ ಹೆಸರು ನಾವು ತುಂಬಿದ ಹೆಸರಿಗೆ ಅಕ್ಷರ ಅಕ್ಷರ ತಾಳೆ ಆಗ್ಬೇಕು. ಫೋನ್ ನಂಬರ್ ಇರ್ಬಾರ್ದು, ಜಾಹೀರಾತು ಇರ್ಬಾರ್ದು. ತಪ್ಪಿದ್ರೆ ಕಂಪನಿಯೋರು ವಾಪಸ್ ಎಸೀತಾರೆ."

ಆಕೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ಅಚ್ಚುಕಟ್ಟಾದ ನಿಬಂಧನೆಗಳನ್ನು ಕೇಳಿ ಎಷ್ಟು ದಿನವಾಗಿತ್ತು! ಲಾಲಿ ಹಾಡಿದ ಹೆಂಗಸನ್ನು ಕೂರಿಸಿ, ಕೂದಲು ಹಿಂದಕ್ಕೆ ಬಾಚಿ, ಫೋಟೋ ತೆಗೆದಳು. ಹಳೇ ಅಭ್ಯಾಸದ ಕೈ, ಒಂದು ಹಾಳೆಗೆ ಒಂದೇ ಮುಖ ಹಾಕಿ ಗೊತ್ತಿಲ್ಲ. ಅಡ್ಡ ಮೂರು, ಉದ್ದ ಮೂರು, ಒಟ್ಟು ಒಂಬತ್ತು ಪ್ರತಿ ಜೋಡಿಸಿ, ಕತ್ತರಿಸಲು ನಡುವೆ ತೆಳ್ಳನೆಯ ಗೆರೆಯನ್ನೂ ಬಿಟ್ಟು ಕಳಿಸಿಕೊಟ್ಟಳು. ಕಂಪನಿ ಒಪ್ಪಿತು. ನೋಡಿದವರು, "ಒಬ್ಬಳೇ ತಾಯಿ, ಒಂಬತ್ತು ಮುಖ! ಎಂಥ ಆಳ!" ಎಂದು ಬೆರಗಾದರು. ಕಿವಿಯಕ್ಕ ಬೆರಗಾದವರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಅಲ್ಲಿಂದ ಮುಂದಿನದು ದಿಗ್ವಿಜಯ. ನಾಲ್ವರು ಹುಡುಗರ ಒಂದು ವಾದ್ಯತಂಡ ಬಂತು. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಮೂಗಿನವರೆಗೆ ಇಳಿದ ಕೂದಲು.

"ಅಕ್ಕಾ, ನಮ್ದು ಕತ್ತಲೆಯ ಸಂಗೀತ. ಮುಖ ಕಾಣ್ಬಾರ್ದು."

"ಕತ್ತಲೆ ಇರ್ಲಪ್ಪ, ನಾನು ಬೇಡ ಅಂದ್ನಾ? ಕಿವಿ ಎಲ್ಲಿ?"

"ಕಿವಿ ಯಾಕಕ್ಕಾ?"

"ಕಿವಿ ಇಲ್ದೋರು ಹಾಡಿದ್ದನ್ನ ಯಾರಪ್ಪ ನಂಬ್ತಾರೆ? ಬಾಚ್ಕೊ."

ನಾಲ್ವರೂ ಕಟ್ಟಿಹಾಕಿದ ಬಾಚಣಿಗೆಯ ಮುಂದೆ ಸಾಲಾಗಿ ನಿಂತು ಬಾಚಿಕೊಂಡರು. ಚಿತ್ರದಲ್ಲಿ ಅವರು ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕಿದವರಂತೆ ಕಂಡರು. ಆದರೆ ಫೋನಿನಲ್ಲಿ ಹಾಡುಗಳ ಪಟ್ಟಿ ತೆರೆದಾಗ ಉಳಿದವರ ಹೊಗೆ, ಬೆಂಕಿ, ತಲೆಬುರುಡೆಗಳೆಲ್ಲ ಉಗುರಿನಷ್ಟು ಜಾಗದಲ್ಲಿ ಕಲಸಿಹೋಗಿ ಮಸಿಯ ಬೊಟ್ಟಿನಂತಿದ್ದರೆ, ಈ ನಾಲ್ಕು ಜೊತೆ ಕಿವಿಗಳು ಮಾತ್ರ ಸ್ಪಷ್ಟವಾಗಿ ಎದ್ದು ನಿಂತಿದ್ದವು. ಚಿಕ್ಕದಾಗಿ ಕಾಣಲೆಂದೇ ಹುಟ್ಟಿದ ಕಲೆ ಲೋಕದಲ್ಲಿ ಪಾಸ್‌ಪೋರ್ಟ್ ಫೋಟೋ ಒಂದೇ ಎಂಬ ಸತ್ಯ ಆವತ್ತು ಮೈಕಣ್ಣನಿಗೆ ಹೊಳೆಯಿತು. ಕಿವಿಯಕ್ಕ ಎಂಬ ಬಿರುದು ಬಂದದ್ದೂ ಆವತ್ತೇ. ಕೊಟ್ಟವರು ಆ ನಾಲ್ವರು.

ಚಿತ್ರ ಮುಗಿದ ಮೇಲೆ ಆಕೆಯದೊಂದು ಪರೀಕ್ಷೆಯಿದೆ. ಚಿತ್ರವನ್ನು ಫೋನಿನಲ್ಲಿ ಉಗುರಿನಷ್ಟಾಗಿಸಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಹನ್ನೊಂದು ಹೆಜ್ಜೆ ದಾಟಿ ಎದುರಿನ ಇಸ್ತ್ರಿ ಅಂಗಡಿಗೆ ಹೋಗುತ್ತಾಳೆ. ಇಸ್ತ್ರಿಯಜ್ಜನಿಗೆ ಎಪ್ಪತ್ತು ದಾಟಿದರೂ ಬೀದಿಯಾಚೆಯ ಅಂಗಿಯ ಮೇಲಿನ ಕಲೆ ಈಚೆಯಿಂದ ಕಾಣುತ್ತದೆ. ಅಜ್ಜ ಪೆಟ್ಟಿಗೆ ಎತ್ತಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಾನೆ. "ಹೆಂಗಸು. ಸಿಟ್ಟಲ್ಲಿದ್ದಾಳೆ" ಎಂದರೆ ಚಿತ್ರ ಪಾಸು. "ಏನೋ ಕುಂಬಳಕಾಯಿ ಥರ ಇದೆ ತಾಯಿ" ಎಂದರೆ ನಪಾಸು. ಇದುವರೆಗೆ ಅಜ್ಜನ ತೀರ್ಪಿಗೆ ಮೇಲ್ಮನವಿ ಹೋದದ್ದಿಲ್ಲ.

ಇಂಥ ವೀರವನಿತೆಗೂ ಒಂದು ದೌರ್ಬಲ್ಯವಿತ್ತು. ಆಕೆ ಬಾತುಕೋಳಿಗೆ ಹೆದರುತ್ತಿದ್ದಳು. ಐದು ಬಾತುಮರಿಗಳ ಶಿಶುಗೀತೆಯೊಂದಕ್ಕೆ ಚಿತ್ರ ಬೇಕೆಂದಾಗ ಐದು ಕಪ್ಪೆ ಬರೆದು ಕಳಿಸಿ, ಹಾಡನ್ನೇ ಬದಲಾಯಿಸಿಕೊಳ್ಳಿ ಎಂದು ಹೇಳಿಕಳಿಸಿದಳು. ಹೆದರಿಕೆಗೆ ಕಾರಣ ಆಕೆಯ ಅಣ್ಣನ ಎಡಗಿವಿ.

ಅಣ್ಣ ಆಕೆಗಿಂತ ಆರು ವರ್ಷ ದೊಡ್ಡವನು. ಮೂವತ್ತೊಂದು ವರ್ಷ ಹನ್ನೊಂದನೇ ನಂಬರಿನ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಎಡಗಿವಿಯ ಮೇಲಂಚಿನಲ್ಲಿ ಹೆಬ್ಬೆರಳ ತುದಿಯಷ್ಟು ಭಾಗ ಇಲ್ಲ. ಅದನ್ನು ಮುಚ್ಚಲು ಎಡಕ್ಕೆ ವಾಲಿಸಿದ ಒಂದು ಉಣ್ಣೆ ಟೋಪಿ, ಬೇಸಿಗೆಯಲ್ಲೂ. ಡಿಪೋದವರು ಕೇಳಿದರೆ ಬಸ್ಸಿನ ಬಾಗಿಲಿಗೆ ಸಿಕ್ಕಿತು ಎನ್ನುತ್ತಿದ್ದ. ಹೆಂಡತಿಯ ತವರಿನವರಿಗೆ ನಾಯಿ ಕಚ್ಚಿತು ಎಂದಿದ್ದ. ಡಾಕ್ಟರಿಗೆ ಸೈಕಲ್ ಕಡ್ಡಿ. ತಂಗಿಗೆ ಮಾತ್ರ ಚಿಕ್ಕಂದಿನಿಂದಲೂ ಒಂದೇ ಕಥೆ: ಕೊಳದ ಹತ್ತಿರ ಬಾತುಕೋಳಿ ಬಂದು ಕಿತ್ತುಕೊಂಡು ಹೋಯಿತು. ಅಂದಿನಿಂದ ಐವತ್ತು ವರ್ಷ ಆಕೆ ಯಾವ ಕೊಳದ ದಂಡೆಗೂ ಕಾಲಿಟ್ಟಿಲ್ಲ.

ಈ ಅಣ್ಣನ ವಿಶೇಷ ಎಂದರೆ ಶಿಳ್ಳೆ. ಬಸ್ಸಿನ ರೇಡಿಯೊ ಕೆಟ್ಟ ವರ್ಷ ಶುರುಮಾಡಿದ್ದು, ರೇಡಿಯೊ ರಿಪೇರಿಯಾಗಿ ಬಂದಾಗ ಪ್ರಯಾಣಿಕರೇ ಅದನ್ನು ಆರಿಸಿಬಿಟ್ಟರಂತೆ. ಯಾರದೋ ಹಾಡಿನ ಧಾಟಿಯಲ್ಲ, ಸ್ವಂತದ್ದು. ತಿರುವಿಗೊಂದು, ಏರಿಗೊಂದು, ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೊಂದು. ಒಂದು ದಿನ ತಂಗಿಗೆ ಊಟದ ಡಬ್ಬಿ ಕೊಡಲು ಬಂದವನು ಮೆಟ್ಟಿಲ ಮೇಲೆ ಕೂತು ಶಿಳ್ಳೆ ಹಾಕುತ್ತಿದ್ದಾಗ ಮೈಕಣ್ಣ ಕೇಳಿಸಿಕೊಂಡ. ಎರಡು ವಾರದಲ್ಲಿ ಆರು ಶಿಳ್ಳೆಗಳ ಮುದ್ರಣ ಮುಗಿಯಿತು. ಹೆಡ್‌ಫೋನನ್ನು ಟೋಪಿಯ ಮೇಲೆಯೇ ಏರಿಸಿಕೊಂಡು ಶಿಳ್ಳೆ ಹಾಕಿದ್ದಕ್ಕೆ ಮಾತ್ರ ಮೈಕಣ್ಣ ತುಸು ನೊಂದುಕೊಂಡ. ಸಂಕಲನಕ್ಕೆ ಅಣ್ಣನೇ ಹೆಸರಿಟ್ಟ: "ಒಳಗೆ ಜಾಗ ಇದೆ".

ಅಷ್ಟರಲ್ಲಿ ಹನ್ನೊಂದನೇ ನಂಬರಿನ ಮಾರ್ಗವನ್ನೇ ನಿಲ್ಲಿಸುವುದಾಗಿ ಡಿಪೋ ಪ್ರಕಟಿಸಿತು. ಆ ದಾರಿಯಲ್ಲಿ ರೈಲು ಬಂದಿತ್ತು. ಮುಂದಿನ ತಿಂಗಳ ಮೊದಲ ಶುಕ್ರವಾರ ಕೊನೆಯ ಓಡಾಟ. ಅಣ್ಣ ಹಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಕೊಂಡು ಡಿಪೋ ಅಧಿಕಾರಿಯ ಬಳಿ ಹೋಗಿ, ಆ ಬಸ್ಸಿನಲ್ಲಿ ಆವತ್ತು ತನ್ನ ಶಿಳ್ಳೆ ಹಾಕಿಸಬೇಕೆಂದು ಕೇಳಿಕೊಂಡ. ಅಧಿಕಾರಿ ಒಪ್ಪಿದರು, ಒಂದು ಷರತ್ತಿನ ಮೇಲೆ.

"ಬಿಡುಗಡೆ ಆಗಿರೋದಾದ್ರೆ ಹಾಕ್ತೀನಪ್ಪ. ಬಿಡುಗಡೆ ಆಗ್ದೇ ಇರೋದನ್ನ ಹಾಕಿದ್ರೆ ನಾಳೆ ಯಾರೋ ಬಂದು ಹಕ್ಕು ನಂದು ಅಂತಾರೆ. ನಂಗ್ಯಾಕೆ ತಾಪತ್ರಯ?"

"ನಂದೇ ಬಾಯಿ ಸಾರ್."

"ಬಾಯಿ ನಿಂದೇ, ಕಾಗ್ದ ಬೇಕಲ್ಲ."

ಬಿಡುಗಡೆಗೆ ಮುಖಚಿತ್ರ ಬೇಕು. ಕೊನೆಯ ಓಡಾಟದ ದಿನಕ್ಕೆ ಹಾಡು ಸಿದ್ಧವಾಗಬೇಕಾದರೆ ಬರುವ ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಚಿತ್ರ ಕಂಪನಿ ಸೇರಬೇಕು ಎಂದ ಮೈಕಣ್ಣ. ಹನ್ನೆರಡು ದಾಟಿದರೆ ಬಸ್ಸೂ ಹೋಯಿತು, ಶಿಳ್ಳೆಯೂ ಹೋಯಿತು. ಚಿತ್ರ ಮಾಡುವವಳು ಸ್ವಂತ ತಂಗಿಯೇ ಆದ್ದರಿಂದ ಯಾರಿಗೂ ಚಿಂತೆಯಿರಲಿಲ್ಲ. ಚಿಂತೆ ಶುರುವಾಗಬೇಕಿದ್ದದ್ದು ಅಲ್ಲೇ.

ಶನಿವಾರ ಬೆಳಿಗ್ಗೆ ಅಣ್ಣ ಬಂದು, ತಲೆ ಬಗ್ಗಿಸಿ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತ. ಇಪ್ಪತ್ತೆರಡು ವರ್ಷ ತಂಗಿ ಫೋಟೋ ಅಂಗಡಿಯಲ್ಲಿದ್ದರೂ ಅವನು ಲೈಸೆನ್ಸಿನ ಫೋಟೋಗೆ ಊರಾಚೆಯ ಬೇರೆ ಅಂಗಡಿಗೆ ಹೋಗುತ್ತಿದ್ದವನು. ಈ ಸ್ಟೂಲು ಅವನಿಗೆ ಹೊಸದು.

"ಟೋಪಿ ತೆಗಿ ಅಣ್ಣ."

"ಟೋಪಿ ಇರ್ಲಿ."

"ಟೋಪಿ ಇದ್ರೆ ಕಿವಿ ಹೇಗೆ ಕಾಣತ್ತೆ?"

"ಬಲಗಿವಿ ಕಾಣ್ತಿದೆಯಲ್ಲ. ಶಿಳ್ಳೆ ಹಾಕೋನಿಗೆ ಒಂದು ಕಿವಿ ಸಾಕು."

"ನನ್ನ ಚೌಕದಲ್ಲಿ ಇವತ್ತಿನವರೆಗೆ ಒಂದು ಕಿವಿಯೋರು ಯಾರೂ ಕೂತಿಲ್ಲ. ಮಂತ್ರಿ ಮಗಳೇ ಬಂದು ಬಾಚ್ಕೊಂಡು ಹೋಗಿದ್ದಾಳೆ. ಸ್ವಂತ ಅಣ್ಣನಿಗೆ ರಿಯಾಯಿತಿ ಕೊಟ್ರೆ ನಾಳೆ ಯಾರು ನನ್ನ ಮಾತು ಕೇಳ್ತಾರೆ?"

"ಅರ್ಧ ಕಿವೀನ ಊರಿಗೆಲ್ಲ ತೋರಿಸ್ಬೇಕಾ?"

"ಬಾತುಕೋಳಿ ಕಚ್ಚಿದ್ರೆ ನಿನ್ನ ತಪ್ಪೇನೋ ಅದ್ರಲ್ಲಿ? ನಾಚ್ಕೋಬೇಕಾದ್ದು ಬಾತುಕೋಳಿ."

ಅಣ್ಣ ಸ್ಟೂಲನ್ನು ಅರ್ಧ ಸುತ್ತು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿಕೊಂಡ. ಕೊನೆಗೆ ಇತ್ತ ತಿರುಗಿ, ಟೋಪಿ ಸಮೇತ ಒಂದೇ ಒಂದು ಫೋಟೋ ತೆಗೆಯಲು ಬಿಟ್ಟ. ಆಮೇಲೆ ಎದ್ದವನು ಅವಸರದಲ್ಲಿ ತಲೆ ಬಗ್ಗಿಸಲು ಮರೆತು ಸುಣ್ಣದ ಮೇಲೆ ತನ್ನದೂ ಒಂದು ಗುರುತು ಬಿಟ್ಟುಹೋದ.

ಹೋದವನು ಸುಮ್ಮನೆ ಹೋಗಲಿಲ್ಲ. ಮಹಡಿ ಹತ್ತಿ, ಫೋನಿನಲ್ಲಿದ್ದ ತನ್ನ ಬಸ್ಸಿನ ಫೋಟೋವನ್ನೇ ಮೈಕಣ್ಣನ ಕೈಯಲ್ಲಿ ಕಂಪನಿಗೆ ಕಳಿಸಿಬಿಟ್ಟ. ಕೆಳಗೆ ರಾಣಿ ಇರುವಾಗಲೇ ಮೇಲಿಂದ ಬಂಡಾಯ! ಕಂಪನಿಯಿಂದ ಒಂದು ಗಂಟೆಯಲ್ಲಿ ಚಿತ್ರ ವಾಪಸು ಬಂತು. ಬಸ್ಸಿನ ಪಕ್ಕೆಯ ಮೇಲೆ ಯಾವುದೋ ಹಾಸಿಗೆ ಅಂಗಡಿಯ ಜಾಹೀರಾತು, ಕೆಳಗೆ ಅದರ ಫೋನ್ ನಂಬರು. ಇಸ್ತ್ರಿಯಜ್ಜನಿಂದ ಈ ಸುದ್ದಿ ತಿಳಿದಾಗ ಕಿವಿಯಕ್ಕ, "ಹಾಸಿಗೆ ತಗೊಂಡು ಮಲಗ್ಲಿ" ಎಂದಳು.

ಭಾನುವಾರ ಅತ್ತಿಗೆ ಬಂದಳು. ಅಣ್ಣನ ಹೆಂಡತಿ ಮಾತು ಕಡಿಮೆಯ ಹೆಂಗಸು. ಡಿಪೋದ ಕ್ಯಾಂಟೀನಿನಲ್ಲಿ ಲೆಕ್ಕವಿಲ್ಲದಷ್ಟು ಚಾಲಕರ ಜಗಳ ನೋಡಿದವಳು, ಯಾವುದಕ್ಕೂ ದನಿ ಏರಿಸದವಳು. ಸ್ಟೂಲಿನ ಮೇಲೆ ಕೂತು, ಚೀಲದಿಂದ ಎರಡು ಲೋಟ, ಒಂದು ಫ್ಲಾಸ್ಕು ತೆಗೆದು ಚಹಾ ಬಗ್ಗಿಸಿದಳು.

"ಅವ್ರು ಊಟ ಮಾಡ್ಲಿಲ್ಲ."

"ನಾನೂ ಮಾಡಿಲ್ಲ ಅತ್ತಿಗೆ. ಅಣ್ಣನಿಗೆ ಬುದ್ಧಿ ಹೇಳಿ. ಐವತ್ತು ವರ್ಷ ಆಯ್ತು, ಇನ್ನೂ ಒಂದು ಬಾತುಕೋಳಿಗೆ ಹೆದ್ರಿಕೊಂಡು…"

"ಯಾವ ಬಾತುಕೋಳಿ?"

"ಕಿವಿ ಕಿತ್ತಿದ್ದು."

ಅತ್ತಿಗೆ ಲೋಟ ಕೆಳಗಿಟ್ಟಳು. ತವರಿನ ನಾಯಿ, ಡಿಪೋದ ಬಾಗಿಲು, ಡಾಕ್ಟರ ಸೈಕಲ್ಲು ಅವಳಿಗೆ ಗೊತ್ತಿದ್ದವು. ಬಾತುಕೋಳಿಯೂ ಗೊತ್ತಿತ್ತು; ಇವಳು ಅದನ್ನು ಇವತ್ತಿಗೂ ನಂಬಿಕೊಂಡಿರುವುದು ಮಾತ್ರ ಹೊಸದು. ನಾದಿನಿ ಯಾಕೆ ಕೊಳದ ಕಡೆ ಬರುವುದಿಲ್ಲ ಎಂದು ಮೂವತ್ತು ವರ್ಷದಿಂದ ಇದ್ದ ಅನುಮಾನವೂ ಅವಳಿಗೆ ಆಗಲೇ ಬಗೆಹರಿಯಿತು.

"ನೋಡು, ಮದುವೆ ಆದ ವಾರದಲ್ಲಿ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ನಾಳೆ ಹನ್ನೆರಡು ಗಂಟೆಗೆ ಆ ಶಿಳ್ಳೆ ಹೋಗ್ಲಿಲ್ಲ ಅಂದ್ರೆ ಆಣೆ ಇಟ್ಕೊಂಡು ನಾನೇನ್ ಮಾಡ್ಲಿ? ಬಾತುಕೋಳಿ ಅಲ್ಲಮ್ಮ. ನೀನು."

"ನಾನಾ?"

"ನಿಂಗೆ ಮೂರು ವರ್ಷ. ಕ್ಷೌರದಂಗಡಿ ಆಟ. ಅವ್ರು ಗಿರಾಕಿ. ನಿಮ್ಮಮ್ಮನ ಹೊಲಿಗೆ ಕತ್ತರಿ. ನಿಮ್ಮಮ್ಮ ಓಡಿ ಬಂದಾಗ ನೀನು ಕತ್ತರೀನ ಬೆನ್ನ ಹಿಂದೆ ಹಿಡ್ಕೊಂಡು ನಗ್ತಾ ಇದ್ಯಂತೆ. ಏಟು ಬೀಳತ್ತೆ ಅಂತ ಇವ್ರು ಬಾತುಕೋಳಿ ಅಂದ್ರಂತೆ. ನಿಮ್ಮಮ್ಮ ಕೋಲು ತಗೊಂಡು ಪಕ್ಕದ ಮನೆ ಬಾತುಕೋಳೀನ ಮೂರು ಬೀದಿ ಅಟ್ಟಿಸ್ಕೊಂಡು ಹೋಗಿದ್ರಂತೆ."

ಕಿವಿಯಕ್ಕ ಚಹಾ ಕುಡಿದು ಮುಗಿಸಿದಳು. ಇನ್ನೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ಕುಡಿದಳು. ಅತ್ತಿಗೆ ಹೋದ ಮೇಲೆ ಬಾಗಿಲ ಮೊಳೆಗೆ ನೇತುಹಾಕಿದ್ದ ಫೋಟೋ ಕತ್ತರಿಸುವ ಕತ್ತರಿಯನ್ನು ತೆಗೆದು ಮೇಜಿನ ಸೆಳೆಖಾನೆಯೊಳಗಿಟ್ಟು ಮುಚ್ಚಿದಳು. ಯಾವ ಪಾಪವೂ ಅರಿಯದ ಒಂದು ಬಾತುಕೋಳಿ, ಅದರ ಹಿಂದೆ ಓಡುವ ಅಮ್ಮ. ಈ ಚಿತ್ರವನ್ನು ಎಷ್ಟು ಚುಕ್ಕಿಯ ಚೌಕಕ್ಕೂ ಇಳಿಸುವುದು ಆಕೆಯಿಂದಾಗಲಿಲ್ಲ.

ಮರುಗಳಿಗೆಯೇ ಆಕೆ ಪೆನ್ನು ಹಿಡಿದಳು. ಶನಿವಾರದ ಒಂದೇ ಫೋಟೋ ತೆರೆದು, ಟೋಪಿ ಅಳಿಸಿ, ಆ ಜಾಗಕ್ಕೆ ಎಳೆ ಎಳೆಯಾಗಿ ನರೆಗೂದಲು ಬರೆದಳು. ಬಲಗಿವಿಯ ನಕಲು ತೆಗೆದು, ಅದನ್ನು ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಕೂರಿಸಿದಳು. ನೆರಳಿನ ದಿಕ್ಕು ತಿದ್ದಿದಳು. ಬಣ್ಣ ಹೊಂದಿಸಿದಳು. ಇಡೀ ಮಧ್ಯಾಹ್ನದ ಕೆಲಸ. ಪಾಸ್‌ಪೋರ್ಟ್ ಕಾಲದಲ್ಲಿ ನೂರಾರು ಜನರ ಮೊಡವೆ, ಗಾಯ, ಕಣ್ಣಡಿಯ ಕಪ್ಪು ಅಳಿಸಿದ ಕೈ ಅದು. ಇಂಥ ಕಿವಿಯನ್ನು ಆ ಕೈ ಹಿಂದೆಂದೂ ಬರೆದಿರಲಿಲ್ಲ. ಐವತ್ತು ವರ್ಷದ ಹಿಂದೆ ಕತ್ತರಿಸಿದ್ದನ್ನು ಸಂಜೆ ಐದು ಗಂಟೆಗೆ ವಾಪಸು ಅಂಟಿಸಿ, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಹನ್ನೊಂದು ಹೆಜ್ಜೆ ದಾಟಿದಳು.

ಇಸ್ತ್ರಿಯಜ್ಜ ಕಣ್ಣು ಕಿರಿದು ಮಾಡಿದ.

"ಯಾರು ತಾಯಿ ಇದು?"

"ನಮ್ಮಣ್ಣ."

"ಅಲ್ಲ."

"ಅಯ್ಯೋ, ನಮ್ಮಣ್ಣನೇ ಅಜ್ಜ! ದಿನಾ ನೋಡ್ತೀರಲ್ಲ."

"ಅವನ ಮುಖಾನೇ. ಅವನಲ್ಲ." ಅಜ್ಜ ಪೆಟ್ಟಿಗೆ ಎತ್ತಿಕೊಂಡು ಅಂಗಿಗೆ ಒತ್ತಿದ. "ಇಸ್ತ್ರಿ ಜಾಸ್ತಿ ಆಯ್ತು."

ಅಜ್ಜನ ತೀರ್ಪಿಗೆ ಮೇಲ್ಮನವಿ ಇಲ್ಲ. ಆದರೂ ಆಕೆ ಆ ಚಿತ್ರವನ್ನು ಅಳಿಸಲಿಲ್ಲ. ನಾಳೆ ಇದನ್ನೇ ಕಳಿಸುವುದು ಎಂದುಕೊಂಡು ಮನೆಗೆ ಹೋದಳು.

ಸೋಮವಾರ ಹತ್ತೂವರೆಗೆ ಅಣ್ಣ ಬಂದ. ಬಾಗಿಲಲ್ಲೇ ನಿಂತ. ಹೆಂಡತಿ ಆಣೆ ಮುರಿದದ್ದನ್ನು ಬೆಳಿಗ್ಗೆ ರೊಟ್ಟಿಯ ಜೊತೆ ಬಡಿಸಿದ್ದಳು ಎಂಬುದು ಅವನ ಮುಖದಲ್ಲೇ ಇತ್ತು.

"ಬಾರೋ. ಚಿತ್ರ ಆಗಿದೆ. ಟೋಪಿ ತೆಗೀಬೇಡ, ನೋಡಿ ಹೋಗು" ಎಂದಳು ತಂಗಿ, ಕಂಪ್ಯೂಟರಿನಿಂದ ತಲೆಯೆತ್ತದೆ.

ಅಣ್ಣ ಬಗ್ಗಿ ಬಂದು ನೋಡಿದ. ತುಂಬ ಹೊತ್ತು ನೋಡಿದ.

"ಚೆನ್ನಾಗಿದ್ದಾನೆ. ಯಾವ ಊರಿನವನು?"

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಈ ಕಿವಿ ಇಟ್ಕೊಂಡು ನಾನು ಬಸ್ಸು ಹತ್ತಿದ್ರೆ ನಮ್ಮ ಡಿಪೋದೋರೇ ಟಿಕೆಟ್ ಕೇಳ್ತಾರೆ." ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ತೆಗಿ ಫೋಟೋ. ಎರಡೂ ಕಿವಿ."

"ಬೇಡ."

"ಯಾಕೆ ಬೇಡ? ಮೊನ್ನೆ ಬೇಕಿತ್ತಲ್ಲ? ಮಂತ್ರಿ ಮಗಳು ಬಾಚ್ಕೊಂಡ್ಲು, ನಾನು ಬಾಚ್ಕೊಳ್ಬಾರ್ದಾ?"

"ಊರೆಲ್ಲ ನೋಡತ್ತೆ ಅಣ್ಣ!"

"ನೋಡ್ಲಿ. ಊರಿಗೆ ಹೆದ್ರಿ ಹಾಕಿದ ಟೋಪಿ ಅಲ್ಲ ಇದು. ನಿನ್ನ ಎದುರು ಯಾರಾದ್ರೂ ಕೇಳ್ತಾರೆ, ನಿಜ ಹೊರಗೆ ಬೀಳತ್ತೆ, ನೀನು ಅತ್ತು ರಂಪ ಮಾಡ್ತೀಯ ಅಂತ. ಚಿಕ್ಕವಳಾಗಿದ್ದಾಗ ಒಂದು ಇರುವೆ ಸತ್ರೂ ಎರಡು ದಿನ ಅಳ್ತಿದ್ದೆ ನೀನು. ಆಮೇಲೆ ಅಭ್ಯಾಸ ಆಗಿಹೋಯ್ತು. ಈಗ ಹೇಗೂ ಗೊತ್ತಾಯ್ತಲ್ಲ, ಮುಗೀತು. ಐವತ್ತು ಬೇಸಿಗೆ ಕಣೇ! ಸೆಕೆ ತಡ್ಕೊಳ್ಳೋಕಾಗಲ್ಲ ನನ್ನ ಕೈಲಿ."

"ಬಾತುಕೋಳಿ ಅಂತ ಯಾಕೋ ಅಂದೆ? ಬೇರೆ ಏನಾದ್ರೂ ಅನ್ಬಾರ್ದಿತ್ತಾ? ಐವತ್ತು ವರ್ಷ ಕೊಳ ನೋಡಿಲ್ಲ ನಾನು!"

"ಒಂಬತ್ತು ವರ್ಷ ನಂಗೆ. ಕಿವಿಯಿಂದ ರಕ್ತ ಸುರೀತಿದೆ. ಎದುರಿಗೆ ಬಾತುಕೋಳಿ ನಿಂತಿತ್ತು. ಆನೆ ನಿಂತಿದ್ರೆ ಆನೆ ಅಂತಿದ್ದೆ."

ಆಕೆಗೆ ನಗು ಬಂತು. ನಗುವಿನ ಜೊತೆ ಬರಬಾರದ್ದೂ ಬಂತು. ಅದನ್ನು ಬಿಳಿ ಪರದೆಯ ಅಂಚಿನಲ್ಲಿ ಒರೆಸಿಕೊಂಡಳು. ಇಪ್ಪತ್ತೆರಡು ವರ್ಷ ಆ ಪರದೆಗೆ ಯಾರ ಕೈಯನ್ನೂ ತಾಗಿಸಲು ಬಿಡದಿದ್ದವಳು. ಆಗ ಗಂಟೆ ಹನ್ನೊಂದಾಗಿತ್ತು.

"ಕೂತ್ಕೊ" ಎಂದಳು. "ಗದ್ದ ಕೆಳಗೆ. ಕಣ್ಣು ಮುಂದೆ. ನಗಬೇಡ."

ಸ್ಟೂಲು ಕಿರುಗುಟ್ಟಿತು. ದೀಪ ಹತ್ತಿತು. ಬಲಗಿವಿ ಇಡಿಯಾಗಿ, ಎಡಗಿವಿ ಇದ್ದಷ್ಟು, ಎರಡೂ ಬಿಳಿಯ ಮೇಲೆ ನಿಚ್ಚಳವಾಗಿ ನಿಂತವು. ಆಕೆ ಕ್ಯಾಮೆರಾ ಹಿಂದಿನಿಂದ ಒಂದು ಕ್ಷಣ ನೋಡಿ ಮತ್ತೆ ತಲೆಯೆತ್ತಿದಳು.

"ಶಿಳ್ಳೆ ಹಾಕು."

"ಬಾಯಿ ಮುಚ್ಚಿರ್ಬೇಕು ಅನ್ನೋದೂ ಕಾನೂನಲ್ವಾ?"

"ಇವತ್ತೊಂದಿನ ರಜ ಅದಕ್ಕೆ. ಹಾಕೋ."

ಅವನು ತುಟಿ ಸುತ್ತಿದ. ಏರಿನಲ್ಲಿ ಹಾಕುವ ಶಿಳ್ಳೆ. ಕಾನೂನಿನ ಕಲಮೊಂದು ಆ ಸಾಮ್ರಾಜ್ಯದಲ್ಲಿ ಮುರಿದು ಬಿದ್ದದ್ದು ಅದೇ ಮೊದಲು. ಬೇರೆ ಯಾವ ಸದ್ದೂ ಆಗಲಿಲ್ಲ, ಆ ಶಿಳ್ಳೆ ಮತ್ತು ಕ್ಯಾಮೆರಾದ ಟಿಕ್ ಬಿಟ್ಟರೆ.

ಅಕ್ಷರ ಕೂರಿಸಿ, ಹೆಸರನ್ನು ತಾಳೆ ನೋಡಿ, ಹನ್ನೊಂದು ಹೆಜ್ಜೆ ಓಡಿದಳು. ಇಸ್ತ್ರಿಯಜ್ಜ ಪೆಟ್ಟಿಗೆ ಇಡುವ ಮೊದಲೇ ಹೇಳಿದ, "ನಿಮ್ಮಣ್ಣ. ಏನೋ ತುಂಟತನ ಮಾಡ್ತಿದ್ದಾನೆ."

ಹನ್ನೊಂದೂ ನಲವತ್ತಕ್ಕೆ ಮೈಕಣ್ಣ ಚಿತ್ರವನ್ನು ಏರಿಸಿ, ಕಂಪನಿಯ ಅರ್ಜಿ ತೆರೆದ. ಅದರಲ್ಲಿ ಯಾರು ಯಾರು ಏನೇನು ಮಾಡಿದರು ಎಂದು ತುಂಬಬೇಕು. ಶಿಳ್ಳೆ, ಅಣ್ಣ. ಧ್ವನಿಮುದ್ರಣ, ಮೈಕಣ್ಣ. ಮುಖಚಿತ್ರದ ಮುಂದೆ ಕಿವಿಯಕ್ಕ ಯಾವತ್ತೂ ತನ್ನ ಹೆಸರು ಹಾಕಿಸಿದವಳಲ್ಲ. ಪಾಸ್‌ಪೋರ್ಟ್ ಫೋಟೋದ ಕೆಳಗೆ ಯಾರೂ ರುಜು ಹಾಕುವುದಿಲ್ಲ ಎಂಬುದು ಆಕೆಯ ವಾದ.

"ಹಾಕು" ಎಂದ ಅಣ್ಣ. "ಪೂರ್ತಿ ಹೆಸರು, ಅಪ್ಪ ಇಟ್ಟಿದ್ದು. ಕೆಳಗೆ 'ಇತರೆ' ಅಂತ ಒಂದು ಖಾನೆ ಇದೆಯಲ್ಲ, ಅದು ಏನಕ್ಕೆ?"

"ಮೇಲಿನ ಪಟ್ಟೀಲಿ ಇಲ್ದೇ ಇರೋ ಕೆಲಸಕ್ಕೆ."

"ಸರಿ, ಅಲ್ಲಿ ಬರಿ: ಎಡಗಿವಿ. ಅದರ ಮುಂದೆಯೂ ಇವಳ ಹೆಸರೇ."

"ಅಣ್ಣಾ!"

"ಮಾಡಿದ್ದು ನೀನೇ ತಾನೆ? ಬೇರೆಯೋರ ಹೆಸರು ಹಾಕಿದ್ರೆ ನಾಳೆ ಹಕ್ಕಿನ ಪ್ರಶ್ನೆ ಬರತ್ತೆ."

ಮೈಕಣ್ಣ ಬರೆದ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ಹೋಯಿತು. ಮರುದಿನ ಕಂಪನಿಯಿಂದ ಒಂದೇ ಸಾಲಿನ ಪ್ರಶ್ನೆ ಬಂತು: ಎಡಗಿವಿ ಎಂಬುದು ಯಾವ ಬಗೆಯ ವಾದ್ಯ, ದಯವಿಟ್ಟು ವಿವರಿಸಿ. ಮೈಕಣ್ಣ ಯಾರನ್ನೂ ಕೇಳದೆ ಉತ್ತರಿಸಿದ: ಕತ್ತರಿಯಿಂದ ತಯಾರಿಸಿದ್ದು, ಐವತ್ತು ವರ್ಷ ಹಳೆಯದು, ಜಗತ್ತಿನಲ್ಲಿ ಇದೊಂದೇ ಇರುವುದು. ಕಂಪನಿ ಒಪ್ಪಿತು.

ಹೊಸ ತಿಂಗಳ ಮೊದಲ ಶುಕ್ರವಾರ ಹನ್ನೊಂದನೇ ನಂಬರಿನ ಬಸ್ಸು ಕೊನೆಯ ಬಾರಿ ಹೊರಟಿತು. ಡಿಪೋ ಅಧಿಕಾರಿ ಫೋನಿನಲ್ಲಿ "ಒಳಗೆ ಜಾಗ ಇದೆ" ಹುಡುಕಿ, ಬಿಡುಗಡೆಯ ದಿನಾಂಕವನ್ನು ಎರಡು ಸಲ ಓದಿ, ಗುಂಡಿ ಒತ್ತಿದರು. ಬಸ್ಸು ಏರು ಹತ್ತುವಾಗ ಸರಿಯಾಗಿ ಏರಿನ ಶಿಳ್ಳೆ ಬಂತು. ಆ ಲೆಕ್ಕ ತಪ್ಪುವವನಲ್ಲ ಅಣ್ಣ. ಬಸ್ಸಿನ ತುಂಬ ಜನ. ಹಳೆಯ ಪ್ರಯಾಣಿಕರು ಆಗಲೇ ಫೋನು ತೆಗೆದು ಅದೇ ಹಾಡನ್ನು ಹುಡುಕುತ್ತಿದ್ದರು. ಕೈಕೈಯಲ್ಲೂ ಉಗುರಿನಷ್ಟು ಚೌಕ, ಚೌಕದೊಳಗೆ ಸುತ್ತಿದ ತುಟಿ, ಒಂದೂಮುಕ್ಕಾಲು ಕಿವಿ.

ಅಣ್ಣ ಟೋಪಿಯಿಲ್ಲದೆ ಮುಂದಿನ ಸೀಟಿನಲ್ಲಿ ಕೂತಿದ್ದ, ಪಕ್ಕದಲ್ಲಿ ತಂಗಿ. ಎದುರು ಸೀಟಿನ ಹೆಂಗಸೊಬ್ಬಳು ಫೋನು ನೋಡಿ, ಅಣ್ಣನನ್ನು ನೋಡಿ, ಮತ್ತೆ ಫೋನು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ಲ, ನಿಮ್ಮ ಕಿವಿಗೇನಾಯ್ತು?"

"ಬಾತುಕೋಳಿ" ಎಂದ ಅಣ್ಣ.

"ನಾನು" ಎಂದಳು ತಂಗಿ.

ಇಬ್ಬರ ಉತ್ತರವೂ ಒಟ್ಟಿಗೇ ಬಿತ್ತು. ಆ ಹೆಂಗಸು ತಂಗಿಯ ಮುಖ ನೋಡಿದಳು, ಕೈ ನೋಡಿದಳು, ಮಡಿಲಲ್ಲಿದ್ದ ದೊಡ್ಡ ಕೈಚೀಲವನ್ನು ನೋಡಿದಳು. ಆಮೇಲೆ ಮೆಲ್ಲಗೆ ಎದ್ದು, ತನ್ನ ಎರಡೂ ಕಿವಿಗಳ ಮೇಲೆ ಸೆರಗು ಎಳೆದುಕೊಂಡು, ಬಸ್ಸಿನ ಹಿಂಬದಿಗೆ ಹೊರಟುಹೋದಳು. ಹಾಗೆ ಕಿವಿ ಮುಚ್ಚಿಕೊಂಡು ಹೋಗುವವರನ್ನು ಕಂಡರೆ ಕಿವಿಯಕ್ಕನ ಕೈ ತಾನಾಗಿಯೇ ಮುಂದಕ್ಕೆ ಹೋಗಬೇಕಿತ್ತು. ಆವತ್ತು ಮಾತ್ರ ಆಕೆ ಅದನ್ನು ಕೈಚೀಲದ ಮೇಲೆ ಒತ್ತಿ ಹಿಡಿದುಕೊಂಡು ಕೂತಳು.